ರಂಗೋಲಿಯಲ್ಲಿ ಹಾಕಿದ ಸೇತುವೆ

ನನಗೊಂದು ಚಟವಿದೆ. ಬೀಡಿಯದಲ್ಲ, ಎಲೆ ಅಡಿಕೆಯದೂ ಅಲ್ಲ. ಅಂಥದ್ದಾಗಿದ್ದರೆ ನಮ್ಮ ಮನೆಯವರು ನಾಲ್ಕು ಜನರ ನಡುವೆ ಇಷ್ಟೊಂದು ನಾಚಿಕೊಳ್ಳಬೇಕಾಗುತ್ತಿರಲಿಲ್ಲ. ಮಾತಾಡುವಾಗ ನನ್ನ ಬೆರಳು ಸುಮ್ಮನಿರುವುದಿಲ್ಲ. ಎದುರಿಗೆ ಏನು ಸಿಕ್ಕರೆ ಅದರ ಮೇಲೆ ಗೀಚುತ್ತದೆ. ಹೋಟೆಲಿನ ಮೇಜಿನ ಮೇಲೆ ಚಹಾ ಚೆಲ್ಲಿದ್ದರೆ ಚಹಾದಲ್ಲಿ, ಬಸ್ಸಿನ ಕಿಟಕಿಗೆ ಧೂಳು ಹತ್ತಿದ್ದರೆ ಧೂಳಿನಲ್ಲಿ, ಏನೂ ಇಲ್ಲದಿದ್ದರೆ ಪಕ್ಕದವರ ಅಂಗೈಯಲ್ಲಿ. ಮೊನ್ನೆ ಯಾದಗಿರಿಯಲ್ಲಿ ಬೀಗರ ಮನೆಗೆ ಊಟಕ್ಕೆ ಹೋಗಿದ್ದೆವು. ಸುರಪುರದಲ್ಲಿ ನಿಮ್ಮ ಮನೆ ಎಲ್ಲಿ ಬರುತ್ತದೆ ಎಂದು ಬೀಗರು ಕೇಳಿದರು. ಬಾಯಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಬೆರಳು ಆಗಲೇ ಗಂಗಾಳದಲ್ಲಿ ಇಳಿದಿತ್ತು. ಅನ್ನದ ಗುಡ್ಡೆ ನಮ್ಮೂರ ಗುಡ್ಡವಾಯಿತು, ಬೇಳೆ ಸಾರಿನಲ್ಲಿ ರಸ್ತೆ ಎಳೆದೆ, ಪುಂಡಿಪಲ್ಲೆಯಲ್ಲಿ ಬಸ್ ನಿಲ್ದಾಣ ಮಾಡಿ, ಮಾವಿನ ಉಪ್ಪಿನಕಾಯಿಯ ಹೋಳನ್ನು ಮೆಲ್ಲಗೆ ಸರಿಸಿ ನಮ್ಮ ಮನೆಯನ್ನು ಅದರ ಜಾಗದಲ್ಲಿ ಕೂಡಿಸಿದೆ.

ಬೀಗರು ಬಹಳ ಗಂಭೀರವಾಗಿ ನೋಡಿದರು. "ಛಲೋ ತಿಳೀತ್ರಿ ಮಾಸ್ತರ್. ಇನ್ನ ಮನಿ ತಿನ್ರಿ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಮನೆಯವರು ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ಶಹಾಪುರ ದಾಟಿದ ಮೇಲೆ ಒಂದೇ ಮಾತು ಹೇಳಿದರು. "ಮಾಸ್ತರಿಕಿ ಬಿಟ್ರಿ. ಹಲಗಿ ಯಾವಾಗ ಬಿಡ್ತೀರಿ?"

ಹೌದು, ನಾನು ಡ್ರಾಯಿಂಗ್ ಮಾಸ್ತರ. ಈಗ ನಿವೃತ್ತ. ಡ್ರಾಯಿಂಗ್ ಮಾಸ್ತರನೆಂದರೆ ಶಾಲೆಯಲ್ಲಿ ಏನು ಬೆಲೆ ಎಂಬುದು ನಿಮಗೂ ಗೊತ್ತಿದ್ದೀತು. ಗಣಿತದ ಪಾಠ ಮುಗಿಯದಿದ್ದರೆ ನಮ್ಮ ಪಿರಿಯಡ್ ಅವರಿಗೆ ಹೋಗುತ್ತಿತ್ತು. ಪಾಠ ಬೇಗ ಮುಗಿದರೂ ಪುನರಾವರ್ತನೆಗೆಂದು ಅವರಿಗೇ ಹೋಗುತ್ತಿತ್ತು. ಇಷ್ಟಕ್ಕೂ ನಾನು ಹುಟ್ಟಿದ್ದು ಚಿತ್ರಗಾರರ ಊರಲ್ಲಿ. ಸುರಪುರದ ಹಳೆಯ ಮನೆತನಗಳಲ್ಲಿ ಬಂಗಾರದ ರೇಕು ಅಂಟಿಸಿ ದೇವರ ಪಟ ಬರೆಯುವ ಕೈಗಳಿದ್ದವು. ನಮ್ಮ ಓಣಿಯಲ್ಲೂ ಅಂಥ ಒಬ್ಬ ಅಜ್ಜ ಇದ್ದ. ಅಳಿಲಿನ ಬಾಲದ ಕೂದಲಿನ ಕುಂಚ ಹಿಡಿದು, ಉಸಿರು ಕಟ್ಟಿ, ದೇವಿಯ ರೆಪ್ಪೆ ಬರೆಯುತ್ತಿದ್ದ. ನಾನು ಬಾಗಿಲಲ್ಲಿ ಕುಳಿತು ಅವನ ಜೊತೆ ಉಸಿರು ಕಟ್ಟುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ನಾನು ಬರೆದ ಕುದುರೆಯನ್ನು ತೋರಿಸಿದೆ. ಅಜ್ಜ ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ನೋಡಿದ. "ಎಮ್ಮಿ ಭಾಳ ಛಂದ ಬಂದಾದ" ಎಂದ. ಆ ಅಜ್ಜನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ನಿಜವಾಗಿಯೂ ಅದು ಎಮ್ಮೆಯಾಗಿ ನೋಡಿದರೆ ಚೆನ್ನಾಗಿಯೇ ಇತ್ತು.

ಆದರೆ ನನ್ನ ಮನಸ್ಸು ಸೋತದ್ದು ಆ ಬಂಗಾರದ ಪಟಗಳಿಗಿಂತ ಬೇರೆ ಒಂದು ಜಾತಿಯ ಚಿತ್ರಗಳಿಗೆ. ಅವುಗಳಿಗೆ ಚೌಕಟ್ಟಿಲ್ಲ, ಗೋಡೆಯಿಲ್ಲ, ಬರೆದವರ ಹೆಸರಿಲ್ಲ. ನಾಲ್ಕು ಮಂದಿ ತಲೆ ಬಗ್ಗಿಸಿ ನೋಡಲೆಂದು ಹುಟ್ಟುತ್ತವೆ, ಕೆಲಸವಾದ ಮೇಲೆ ಕಾಲಿಗೆ ಸಿಕ್ಕಿ ಹೋಗುತ್ತವೆ. ದೊಡ್ಡ ಚಿತ್ರಗಾರರು ತಪ್ಪು ತಿಳಿಯಬಾರದು. ಆ ಪೋಕರಿ ಚಿತ್ರಗಳ ಮುಂದೆ ನನಗೆ ಆಗುವ ಸಂತೋಷ ಬೇರೆಲ್ಲೂ ಆಗಿಲ್ಲ.

ಮೊದಲು ಇದನ್ನು ತೋರಿಸಿದವನು ನಮ್ಮ ಪಕ್ಕದ ಅಂಗಡಿಯ ದರ್ಜಿ ಚಾಂದ್ ಸಾಹೇಬ. ಅವನ ಕಿವಿಯ ಮೇಲೆ ಯಾವಾಗಲೂ ಗುರುತು ಹಾಕುವ ನೀಲಿ ಚಾಕ್‌ಪೀಸಿನ ಒಂದು ಚೂರು ಇರುತ್ತಿತ್ತು. ಒಮ್ಮೆ ಮದುವೆ ಹುಡುಗಿಯೊಬ್ಬಳು, ಅವಳ ಅವ್ವ, ಅವಳ ಅಜ್ಜಿ ಮೂವರೂ ಕುಪ್ಪಸದ ಬಟ್ಟೆ ಹಿಡಿದು ಬಂದರು. ಬಂದವರು ಅಳತೆ ಕೊಡದೆ ಜಗಳಕ್ಕೆ ನಿಂತರು. ಹುಡುಗಿ ಒಂದು ಅನ್ನುತ್ತಾಳೆ, ಅಜ್ಜಿ ಮಾನ ಹೋಯಿತು ಅನ್ನುತ್ತಾಳೆ, ಅವ್ವ ಇಬ್ಬರ ಮೇಲೂ ರೇಗುತ್ತಾಳೆ. ಚಾಂದ್ ಸಾಹೇಬ ಮಷೀನು ನಿಲ್ಲಿಸಿ ನೆಲದ ಮೇಲೆ ಒಂದು ಹಳೆ ಚಾದರ ಹಾಸಿದ. ಚಾಕ್‌ಪೀಸನ್ನು ಮೂರು ತುಂಡು ಮಾಡಿ ಮೂವರ ಕೈಗೂ ಒಂದೊಂದು ಕೊಟ್ಟ. "ಮೂಂ ಸೇ ನಕ್ಕೊ ಬೋಲೊ ಅಮ್ಮಾ, ಖೀಂಚ್ ಕೋ ದಿಖಾವ್" ಎಂದ. ಬಾಯಿಂದ ಹೇಳಬೇಡಿ, ಎಳೆದು ತೋರಿಸಿ ಎಂದು.

ಮೂವರೂ ಮೊಣಕಾಲೂರಿ ಕುಳಿತು ಬರೆದರು. ನೋಡಿದರೆ ಅಜ್ಜಿ ಬರೆದದ್ದು ಬರೀ ಮುಂಭಾಗ, ಹುಡುಗಿ ಬರೆದದ್ದು ಬರೀ ಬೆನ್ನು, ಅವ್ವ ಬರೆದದ್ದು ಬರೀ ತೋಳು. ಒಬ್ಬರ ಆಸೆ ಇನ್ನೊಬ್ಬರ ಆಸೆಗೆ ಎಲ್ಲೂ ಅಡ್ಡ ಬಂದಿರಲಿಲ್ಲ. ಚಾಂದ್ ಸಾಹೇಬ ಮೂರನ್ನೂ ಕೂಡಿಸಿ ಒಂದು ಕುಪ್ಪಸ ಎಳೆದ. ಅಜ್ಜಿ ಅದನ್ನು ಬಹಳ ಹೊತ್ತು ನೋಡಿ, "ನನಗೂ ಇಂಥದ್ದ ಒಂದು ಹೊಲಿ" ಎಂದು ಹೇಳಿದಳು.

ಇನ್ನೊಂದು ಸಂಗತಿ ಶಹಾಪುರದ್ದು. ಅಲ್ಲಿಯ ಗುಡ್ಡದಲ್ಲಿ ಬುದ್ಧ ಮಲಗಿದ್ದಾನಲ್ಲ, ಅದು ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಹೊಸಬರಿಗೆ ಕಲ್ಲು ಬಿಟ್ಟರೆ ಏನೂ ಇಲ್ಲ. ನಾನು ಶಹಾಪುರದ ಶಾಲೆಯಲ್ಲಿದ್ದಾಗ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಯಾರಾದರೂ ಹೊಸಬರು ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದರೆ ನಾನು ಕಿಟಕಿಯ ಗಾಜಿನ ಧೂಳಿನ ಮೇಲೆ ಬೆರಳಿನಿಂದ ಗುಡ್ಡದ ಅಂಚನ್ನು ಎಳೆಯುತ್ತಿದ್ದೆ. ಇದು ಹಣೆ, ಇದು ಮೂಗು, ಇದು ಗದ್ದ, ಇಲ್ಲಿ ಎದೆ. ಆಗ ಅವರು ಗಾಜಿನ ಗೆರೆಯಿಂದ ಕಣ್ಣೆತ್ತಿ ಗುಡ್ಡ ನೋಡುತ್ತಿದ್ದರು, ಮುಖ ಅರಳುತ್ತಿತ್ತು. ಒಮ್ಮೆ ಹೀಗೆ ಎಳೆದಾಗ ಹಿಂದಿನ ಸೀಟಿನ ಹೆಂಗಸೊಬ್ಬಳು, "ಇಷ್ಟು ವರ್ಷ ಇದ ಬಸ್ಸಿನ್ಯಾಗ ಹೋಗ್ತೀನ್ರಿ, ಎಲ್ಲರೂ ಕಾಣ್ತದ ಅಂತಾರಂತ ನಾನೂ ಕಾಣ್ತದ ಅಂತಿದ್ದೆ. ಇವತ್ತ ಕಂಡ" ಎಂದಳು. ನನಗೆ ಕಣ್ಣು ಹನಿಗೂಡಿತು. ಬಸ್ಸಿನ ಕಂಡಕ್ಟರ್ ಮಾತ್ರ, ಗಾಜು ಹೊಲಸು ಮಾಡಬೇಡಿರೆಂದು ಗದರಿಸಿದ. ಧೂಳು ಇದ್ದ ಗಾಜನ್ನು ನಾನು ಹೊಲಸು ಮಾಡಿದ್ದು ಹೇಗೆಂದು ಇನ್ನೂ ತಿಳಿದಿಲ್ಲ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ನಾನು ಹೇಳಬೇಕೆಂದಿರುವ ಚಿತ್ರ ಬೇರೆಯೇ ಇದೆ. ಅದು ದೇವಾಪುರದ ಕಡೆ ಹೋಗುವ ಬಸ್ಸು ಇಳಿದು ಒಳಗೆ ನಡೆಯಬೇಕಾದ ಒಂದು ಊರಲ್ಲಿ ಬಿದ್ದದ್ದು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ಗೌಡರು ಫೋನ್ ಮಾಡುತ್ತಾರೆ, ಅವರ ಫೋನು ಬೇಗ ಮುಗಿಯುವುದಿಲ್ಲ.

ಆ ಊರಲ್ಲಿ ಶಮೀಮ್ ಬಾನು ಎಂಬವಳು ಅಂಗನವಾಡಿ ಟೀಚರ್. ಶಹಾಪುರದಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಅವಳು ಎಳೆದ ಗೆರೆ ಎಂದೂ ನೆಟ್ಟಗೆ ಬಂದದ್ದಿಲ್ಲ, ಆದರೆ ಜಗಳವಾಡುವ ಹುಡುಗಿಯರನ್ನು ಒಂದೇ ಬೆಂಚಿನಲ್ಲಿ ಕೂಡಿಸುವುದು ಅವಳಿಗೆ ಆಗಲೇ ಬರುತ್ತಿತ್ತು. ಹೋದ ವರ್ಷ ಅವಳು ಫೋನ್ ಮಾಡಿದಳು.

"ಸರ್, ಊರಾಗ ಜಗಳ ಹತ್ಯಾದ್ರಿ. ನೀವು ಬಂದು ಮಂದಿ ಕೈಲೆ ಚಿತ್ರ ತಗಸ್ರಿ."

"ಜಗಳಕ್ಕ ಪೊಲೀಸರನ್ನ ಕರೀತಾರವಾ, ಡ್ರಾಯಿಂಗ್ ಮಾಸ್ತರನ್ನಲ್ಲ."

"ಪೊಲೀಸರ ಕೈಯಾಗ ಬಣ್ಣ ಇರಂಗಿಲ್ರಿ ಸರ್" ಎಂದಳು. ಇಂಥ ಮಾತಿಗೆ ಯಾರು ಸೋಲುವುದಿಲ್ಲ ಹೇಳಿ. ನಾನು ಹೊರಟೆ.

ಜಗಳ ಒಂದು ಕಾಲುಸೇತುವೆಯದು. ಊರಿನ ನಡುವೆ ಕಾಲುವೆ ಹರಿಯುತ್ತದೆ. ಈಚೆಗೆ ಊರು, ಶಾಲೆ, ಅಂಗನವಾಡಿ, ಕಿರಾಣಿ ಅಂಗಡಿ. ಆಚೆಗೆ ಒಂದೇ ಒಂದು ಓಣಿ. ಆಚೆಯವರು ದಾಟುವುದಕ್ಕೆ ಬೇವಿನ ಗಿಡದ ಹತ್ತಿರ ಹಳೆಯ ಸಿಮೆಂಟಿನ ವಿದ್ಯುತ್ ಕಂಬಗಳನ್ನು ಅಡ್ಡ ಹಾಕಿಕೊಂಡಿದ್ದರು. ಈಗ ಒಂದು ಸೇತುವೆ ಮಂಜೂರಾಗಿತ್ತು. ಊರವರು ಒಪ್ಪಿ ತೋರಿಸಿದ ಜಾಗದಲ್ಲಿ ಕಟ್ಟಿಕೊಡುತ್ತೇವೆ, ಕಟ್ಟಿದ ಮೇಲೆ ಆ ಕಂಬಗಳನ್ನು ಎತ್ತಿಬಿಡುತ್ತೇವೆ ಎಂದು ಭೀಮರಾಯನಗುಡಿಯ ನೀರಾವರಿ ಕಚೇರಿಯ ಇಂಜಿನಿಯರ್ ಹೇಳಿಹೋಗಿದ್ದರು. ಕೆಲವು ತರುಣರು ಬೇವಿನ ಗಿಡದ ಹತ್ತಿರದ ಮೇಲಿನ ಜಾಗವೇ ಆಗಲಿ ಎನ್ನುತ್ತಿದ್ದರು; ಗೌಡರು, ಅವರ ಜೊತೆಯ ಹಿರಿಯರು ಎಲ್ಲ ಕಾಲುವೆಗುಂಟ ಕೆಳಗಿನ ಜಾಗ ಎನ್ನುತ್ತಿದ್ದರು. ಕಾಲುವೆ ಬರುವ ಮೊದಲು ಬಂಡಿ ದಾರಿ ಇದ್ದದ್ದು ಅಲ್ಲಿ. ಅವರ ಅಪ್ಪ, ಅಜ್ಜ ಹೋದದ್ದು ಆ ದಾರಿಯಲ್ಲಿ. ಗೌಡರು ಕೆಟ್ಟವರಲ್ಲ. ದಾರಿ ಎಂದರೆ ಅವರ ಕಣ್ಣಿಗೆ ಇಂದಿಗೂ ಆ ದಾರಿಯೇ ಬರುತ್ತಿತ್ತು, ಅಷ್ಟೇ.

ಆಚೆ ಓಣಿಯಲ್ಲಿ ಮಲ್ಲಮ್ಮ ಎಂಬ ಹೆಣ್ಣುಮಗಳಿದ್ದಳು. ಹತ್ತಿ ಬಿಡಿಸುವ ಕೂಲಿಗೆ ಹೋಗುವವಳು. ಅವಳ ಮಗಳು ಭಾಗ್ಯಳಿಗೆ ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ. ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿ ಒಂದು ಅವಳಿಗೆ ಸಿಕ್ಕಿತ್ತು. ಗಾಡಿ ಕಂಬಗಳ ಮೇಲೆ ದಾಟುವುದಿಲ್ಲವಲ್ಲ, ಅದಕ್ಕೇ ಅದು ಈಚೆ ದಂಡೆಯ ಬೇವಿನ ಗಿಡಕ್ಕೆ ಸರಪಳಿ ಹಾಕಿಸಿಕೊಂಡು ನಿಂತಿರುತ್ತಿತ್ತು. ದಿನಾ ಬೆಳಿಗ್ಗೆ ಮಲ್ಲಮ್ಮ ಮಗಳನ್ನು ಬೆನ್ನಿಗೆ ಹಾಕಿಕೊಂಡು ಕಂಬ ದಾಟಿ, ಗಾಡಿಯಲ್ಲಿ ಕೂಡಿಸಿ, ಶಾಲೆಗೆ ಬಿಟ್ಟು ಕೂಲಿಗೆ ಹೋಗುತ್ತಿದ್ದಳು. ಹುಡುಗಿ ಏಳನೆಯ ಇಯತ್ತೆಗೆ ಬಂದಿದ್ದಳು, ಮೈ ತುಂಬಿಕೊಂಡು ಬೆಳೆಯುತ್ತಿದ್ದಳು.

"ಈ ವರ್ಷ ಎತ್ತತೀನ್ರಿ" ಎಂದು ಮಲ್ಲಮ್ಮ ನನಗೆ ಹೇಳಿದಳು. "ಮುಂದಿನ ವರ್ಷ ಆಗಂಗಿಲ್ಲ. ಮಳಿಗಾಲದಾಗ ಒಮ್ಮೆ ಕಾಲು ಜಾರ್ಯಾದ. ಕೂಸು ನನ್ನ ಕೊಳ್ಳು ಗಟ್ಟಿ ಹಿಡದಿತ್ತು, ಉಳಕೊಂಡ್ವಿ."

ಕೆಳಗಿನ ಜಾಗದವರೆಗೆ ಆಚೆ ದಂಡೆಯಲ್ಲಿ ಪೂರಾ ಎರೆಮಣ್ಣು. ಮಳೆ ಬಿದ್ದರೆ ಗಾಲಿ ಹೂತು ನಿಲ್ಲುತ್ತದೆ. ಸೇತುವೆ ಅಲ್ಲಿಗೆ ಹೋಗಿ, ಇಲ್ಲಿಯ ಕಂಬಗಳೂ ಎದ್ದರೆ ಭಾಗ್ಯಳ ಶಾಲೆ ಅಲ್ಲಿಗೆ ಮುಗಿದಂತೆ. ಊರ ಸಭೆಯಲ್ಲಿ ಮಲ್ಲಮ್ಮ ಇದನ್ನು ಹೇಳಲು ಎದ್ದಿದ್ದಳಂತೆ. ಯಾರೋ, "ನಿನ್ನೊಬ್ಬಾಕಿ ಸಲುವಾಗಿ ಸೇತುವಿ ಕಟ್ಟಾಕ ಆಗ್ತದೇನು" ಎಂದರಂತೆ. ಕುಳಿತುಬಿಟ್ಟಳು.

ನಾನು ಮೊದಲ ಸಲ ಹೋದಾಗ ಸುರಪುರದಿಂದ ದೊಡ್ಡ ದೊಡ್ಡ ಚಾರ್ಟ್ ಪೇಪರು, ಹೊಸ ಸ್ಕೆಚ್ ಪೆನ್ನಿನ ಪೆಟ್ಟಿಗೆ, ಪಟ್ಟಿ, ಗಮ್ ಟೇಪು ಎಲ್ಲ ಹೊತ್ತು ಹೋಗಿದ್ದೆ. ಬಸ್ಸಿನಲ್ಲಿ ಒಬ್ಬರು ಯಾವ ಪಕ್ಷದ ಪ್ರಚಾರ ಎಂದು ಕೇಳಿದರು. ಶಾಲೆಯ ಅಂಗಳದಲ್ಲಿ ಹಾಸಿದ ಕೂಡಲೇ ಗಾಳಿ ಬಂದು ಪೇಪರು ಎದ್ದಿತು. ಮೂಲೆಗಳ ಮೇಲೆ ಜನ ಚಪ್ಪಲಿ ಇಟ್ಟರು. ಪೆನ್ನುಗಳೆಲ್ಲ ಓದಿದ ಗಂಡಸರ ಕೈಗೆ ಹೋದವು. ಅವರು ಚಿತ್ರ ಬರೆಯಲಿಲ್ಲ; ಒಂದೊಂದು ಚೌಕ ಹಾಕಿ ಒಳಗೆ ಹೆಸರು ಬರೆದರು. ಹೆಂಗಸರು ಹಿಂದೆ, ಗೋಡೆಗೆ ಆತು, ಸೆರಗು ಹೊದ್ದು ಕುಳಿತಿದ್ದರು. ನನ್ನ ನಕ್ಷೆ ಮನೆ ನಂಬರಿನ ಪಟ್ಟಿಯಾಗಿ ಮುಗಿಯಿತು. ನಾನು ಬೆವರು ಒರೆಸಿಕೊಳ್ಳುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು. "ನಮಗ ಪೆನ್ನು ಹಿಡ್ಯಾಕ ಬರಂಗಿಲ್ರಿ. ರಂಗೋಲಿ ಆದ್ರ ಹಾಕ್ತೀವಿ."

ಆ ಮಾತು ಕೇಳಿ ನನಗೆ ನನ್ನ ಪೆನ್ನಿನ ಪೆಟ್ಟಿಗೆಯ ಮೇಲೆ ನಗು ಬಂತು. ಇಡೀ ಊರಿನ ಅರ್ಧ ಜನ ಹುಟ್ಟಿದಾಗಿನಿಂದ ದಿನಾ ಬೆಳಿಗ್ಗೆ ನೆಲದ ಮೇಲೆ ಚಿತ್ರ ಬರೆಯುತ್ತಿದ್ದಾರೆ. ನಾನು ಅವರಿಗೆ ಚಿತ್ರ ಕಲಿಸಲು ಬಸ್ ಹಿಡಿದು ಬಂದಿದ್ದೆ.

ಎರಡನೆಯ ಸಲ ಹೋದಾಗ ಶಾಲೆಯ ಅಂಗಳ ಹೆಂಡಿಯಿಂದ ಸಾರಿಸಿಕೊಂಡು ಹಸಿರಾಗಿ ಒಣಗಿತ್ತು. ಅದೇ ಮಧ್ಯಾಹ್ನ ಇಂಜಿನಿಯರ್ ಬಂದು, ಊರವರು ಒಪ್ಪಿದ ನಕ್ಷೆಯ ಫೋಟೋ ತೆಗೆದುಕೊಂಡು, ಕಾಲುವೆಯ ಮೇಲೆ ಗುರುತು ಹಾಕಿ ಹೋಗುವುದೆಂದು ಗೊತ್ತಾಗಿತ್ತು. ಹೆಂಗಸರು ಪುಡಿಯ ಬಟ್ಟಲು ಹಿಡಿದು ಇಳಿದರು. ಮೊದಲು ಕಾಲುವೆ ಬಂತು, ನೀಲಿ ಪುಡಿಯಲ್ಲಿ, ಅಂಗಳದ ಈ ತುದಿಯಿಂದ ಆ ತುದಿಗೆ. ಆಮೇಲೆ ಓಣಿಗಳು, ಮನೆಗಳು, ಮಸೀದಿ, ಹನುಮಪ್ಪನ ಗುಡಿ, ಹಿಟ್ಟಿನ ಗಿರಣಿ. ಎಷ್ಟು ಹೇಳಿದರೂ ಪ್ರತಿಯೊಬ್ಬಳೂ ತನ್ನ ಮನೆಯನ್ನು ಸ್ವಲ್ಪ ದೊಡ್ಡದಾಗಿಯೇ ಹಾಕುತ್ತಿದ್ದಳು. "ನಿನ್ನ ಮನಿ ಶಾಲಿಗಿಂತ ದೊಡ್ಡದು ಆಗ್ಯಾದಲ್ಲ" ಎಂದು ಒಬ್ಬಳು ಅಂದರೆ, "ಸಾಲಿ ಹುಡುಗರೆಲ್ಲ ನಮ್ಮನಿಗೇ ನೀರು ಕುಡ್ಯಾಕ ಬರ್ತಾವ, ಹಿಡೀಬೇಕಲ್ಲ" ಎಂದು ಇನ್ನೊಬ್ಬಳು. ಹೊರೆ ಇಳಿಸಿ ದಣಿವಾರಿಸಿಕೊಳ್ಳುವ ಕಲ್ಲು ಬಂತು. ಬೊಗಳುವ ನಾಯಿ ಬಂತು. ಕುಡಿದು ಬಿದ್ದಿರುವವನ ಮೂಲೆ ಬಂದಾಗ ಗಂಡಸರ ಗುಂಪಿನಲ್ಲಿ ಒಬ್ಬ ಮೆಲ್ಲಗೆ ಹಿಂದೆ ಸರಿದ. ಗಂಡಸರು ಕೈ ಹಿಂದೆ ಕಟ್ಟಿ ಸುತ್ತ ನಿಂತು, ತಾವು ಹುಟ್ಟಿ ಬೆಳೆದ ಊರನ್ನು ಹೊಸದಾಗಿ ನೋಡುತ್ತಿದ್ದರು. ನನ್ನ ಎದೆ ತುಂಬಿ ಬಂತೆಂದು ಹೇಳಲು ನನಗೆ ಸಂಕೋಚವಿಲ್ಲ. ಇಷ್ಟು ವರ್ಷ ಶಾಲೆಯ ಹಲಗೆಯ ಮುಂದೆ ನಿಂತು ನಾನು ನೋಡಬೇಕೆಂದುಕೊಂಡದ್ದು ಅಲ್ಲಿ ನೆಲದ ಮೇಲೆ ಬಿದ್ದಿತ್ತು.

ಗೌಡರ ಸೊಸೆ ನೀಲಮ್ಮ ಆ ಊರಲ್ಲಿ ರಂಗೋಲಿಗೆ ಹೆಸರಾದವಳು. ಅವಳ ಬೆರಳಿಂದ ಪುಡಿ ನೂಲು ಎಳೆದ ಹಾಗೆ ಇಳಿಯುತ್ತಿತ್ತು. ಮಾವನ ಎದುರು ಅವಳು ಮಾತಾಡುವುದಿಲ್ಲ, ಮಾವನೂ ಅವಳ ಹೆಸರು ಹಿಡಿದು ಕರೆಯುವುದಿಲ್ಲ. ಆ ಮನೆತನದಲ್ಲಿ ಹಾಗೇ ನಡೆದುಬಂದಿದೆ. ಗೌಡರು ಆಕಾಶ ನೋಡುತ್ತ, "ಸೇತುವಿ ಕೆಳಗ ಬರ್ತದ. ಅದನ್ನ ಒಂದೀಟು ಛಂದಾಗಿ ಹಾಕಲಿ" ಎಂದರು.

ನೀಲಮ್ಮ ಕೆಳಗಿನ ಜಾಗಕ್ಕೆ ಹೋಗಿ ಕುಳಿತಳು. ಎಂಥ ಸೇತುವೆ ಹಾಕಿದಳೆನ್ನುತ್ತೀರಿ. ಎರಡೂ ಬದಿಗೆ ಕಮಲದ ಅಂಚು, ನಡುವೆ ಬಳ್ಳಿ, ತುದಿಗಳಲ್ಲಿ ನವಿಲು. ನೋಡುವವರೆಲ್ಲ ಆಹಾ ಎಂದರು. ಮುಗಿಯುತ್ತಿದ್ದ ಹಾಗೆ ಒಬ್ಬ ಮುದುಕಿ ರೂಢಿಯ ಮೇಲೆ ಅದರ ನಡುವೆ ಅರಿಶಿಣ ಕುಂಕುಮ ಇಟ್ಟಳು. ಇನ್ನೊಬ್ಬಳು ಮುಡಿದಿದ್ದ ಸೇವಂತಿಗೆ ತೆಗೆದು ಇಟ್ಟಳು. ಯಾರೋ ಊದಿನಕಡ್ಡಿಯನ್ನೂ ಸಿಗಿಸಿದರು.

ನನಗೆ ಆಗ ಏನೂ ಹೊಳೆಯಲಿಲ್ಲ. ಉತ್ಸಾಹದಲ್ಲಿ ಕೈ ತಟ್ಟಿ, "ಛಲೋ ಆತು. ಈಗ ಇದನ್ನ ಅಳಿಸಿ ಮ್ಯಾಲಿನ ಜಾಗದಾಗ ಹಾಕಿ ನೋಡೋಣ, ಯಾವುದು ಒಪ್ತದ ಅಂತ" ಎಂದೆ.

ಒಬ್ಬ ಹಿರಿಯ ಹೆಂಗಸು, ಮಗುವಿಗೆ ತಿಳಿಹೇಳುವ ದನಿಯಲ್ಲಿ, "ಅರಿಶಿಣ ಕುಂಕುಮ ಬಿದ್ದಾದಲ್ರಿ ಮಾಸ್ತರ್. ಹಗಲಿನ್ಯಾಗ ಹ್ಯಾಂಗ ಅಳಸಾದು? ನಾಳಿ ಮುಂಜಾನಿ ಹಾಕಿದಾಕಿನ ಬಂದು ನೀರು ಹೊಡದು ಬಳೀಬೇಕು" ಎಂದಳು. ಮೇಲಿನ ಜಾಗವೇ ಬೇಕೆಂದು ಹಟ ಹಿಡಿದಿದ್ದ ತರುಣರು ಕೂಡ ಹೌದೆಂದು ಗೋಣು ಹಾಕಿದರು. ಶಮೀಮಳ ಕಡೆ ನೋಡಿದೆ. ಅವಳು ತನ್ನ ಕಾಲನ್ನು ಇನ್ನೂ ಒಳಗೆ ಎಳೆದುಕೊಂಡು, "ನಾನೂ ತುಳ್ಯಂಗಿಲ್ರಿ ಸರ್, ಸಣ್ಣಾಕಿ ಇದ್ದಾಗಿಂದ ಇಂಥ ಓಣ್ಯಾಗ ಬೆಳದೀನಿ" ಎಂದಳು.

ಹಾಗಾದರೆ ಇರಲಿ ಎಂದು ನಾನು ಬೇವಿನ ಗಿಡದ ಹತ್ತಿರ ಇನ್ನೊಂದು ಸೇತುವೆಯನ್ನು ನನ್ನ ಕೈಯಾರೆ ಹಾಕಿದೆ. ಅದು ಏಣಿ ಬಿದ್ದ ಹಾಗೆ ಬಂತು. "ಎರಡು ಮಂಜೂರಾಗ್ಯಾವೇನ್ರಿ?" ಎಂದು ಒಬ್ಬ ಕೇಳಿದ. ನಾನು ಅದನ್ನು ಚಪ್ಪಲಿಯಿಂದ ಒರೆಸಿದೆ. ನನ್ನದಕ್ಕೆ ಯಾರೂ ಕುಂಕುಮ ಇಟ್ಟಿರಲಿಲ್ಲ, ಹೀಗಾಗಿ ಯಾರೂ ಬೇಡ ಎನ್ನಲಿಲ್ಲ.

ಮಲ್ಲಮ್ಮ ದೂರದಲ್ಲಿ ಮಗಳ ಗಾಡಿಯ ಹಿಡಿಕೆ ಹಿಡಿದು ನಿಂತಿದ್ದಳು. ಕೆಳಗಿನ ಜಾಗದ ಹೂವು ಕುಂಕುಮ ನೋಡುತ್ತಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಜೀಪು ಬಂದು ಅದರ ಫೋಟೋ ಹೊಡೆದುಕೊಂಡು ಹೋಗುತ್ತದೆ, ಅಲ್ಲಿಗೆ ಆಯಿತು ಎಂಬುದು ಅವಳ ಮುಖದಲ್ಲಿತ್ತು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಶಮೀಮ್ ಅಂಗನವಾಡಿಯೊಳಗೆ ಹೋಗಿ ಒಂದು ಬುಟ್ಟಿ ಜೋಳ ತಂದಳು. "ಅಳಸೂದು ಬ್ಯಾಡ್ರೆವಾ. ಒಂದು ಕೆಲಸ ಮಾಡ್ರಿ. ಮುಂಜಾನಿ ಎದ್ದಾಗಿಂದ ಸಂಜೀತನ ಯಾರ್ಯಾರು ಎಲ್ಲೆಲ್ಲಿ ಹೋಗ್ತೀರಿ, ಕಾಳು ಇಟಗೋತ ಹೋಗ್ರಿ. ಮಾತಾಡಬ್ಯಾಡ್ರಿ, ಬರೇ ಇಡ್ರಿ."

ರಂಗೋಲಿ ಹಾಕುವವರು ತಮಗೆ ಕಾಲಿಡಲು ಸಂದು ಬಿಟ್ಟುಕೊಂಡೇ ಹಾಕಿರುತ್ತಾರೆ. ಆ ಸಂದುಗಳಲ್ಲಿ ತುದಿಗಾಲಲ್ಲಿ ಕುಳಿತು ಒಬ್ಬೊಬ್ಬರೇ ಕಾಳು ಇಟ್ಟರು. ಗಿರಣಿಗೆ ಹೋಗುವವಳು, ಹಾಲು ಕೊಡಲು ಬರುವವಳು, ಕೂಸಿಗೆ ಸೂಜಿ ಹಾಕಿಸಲು ಬರುವವಳು, ಆಚೆ ಓಣಿಯ ಬಳೆಗಾರ್ತಿಯ ಮನೆಗೆ ಹೋಗುವವಳು. ಪ್ರತಿಯೊಬ್ಬಳೂ ತನ್ನ ಓಡಾಟ ತನ್ನದೊಂದೇ, ಲೆಕ್ಕಕ್ಕಿಲ್ಲದ್ದು ಎಂದುಕೊಂಡಿದ್ದವಳು. ಕಾಳಿನ ಸಾಲುಗಳು ಎಲ್ಲಿಂದೆಲ್ಲಿಂದಲೋ ಹೊರಟು ಬೇವಿನ ಗಿಡದ ಹತ್ತಿರ ಬಂದು ಒಂದರ ಮೇಲೊಂದು ಬಿದ್ದವು. ಅಲ್ಲಿ ನೀಲಿ ಪುಡಿಯೇ ಕಾಣದ ಹಾಗೆ ಜೋಳ ಗುಡ್ಡೆ ಬಿತ್ತು.

ಮಲ್ಲಮ್ಮನ ಸರದಿ ಬಂತು. ಆಚೆ ಓಣಿಯ ತನ್ನ ಬಾಗಿಲಿಂದ ಒಂದೊಂದೇ ಕಾಳು ಇಡುತ್ತ ಕಂಬದವರೆಗೆ ಬಂದಳು, ದಾಟಿದಳು. ಬೇವಿನ ಗಿಡದಿಂದ ಶಾಲೆಯ ಕಡೆಗೆ ಎರಡೆರಡು ಕಾಳು ಇಡತೊಡಗಿದಳು.

"ಇಲ್ಲಿಂದ ಯಾಕ ಎರಡು?" ಎಂದು ಶಮೀಮ್ ಕೇಳಿದಳು.

"ಇಲ್ಲಿಂದ ಇಬ್ರು ಹೋಗ್ತೀವಲ್ರಿ" ಎಂದಳು ಮಲ್ಲಮ್ಮ. "ಅಲ್ಲಿತನ ಆಕಿ ನನ್ನ ಬೆನ್ನಮ್ಯಾಲೆ ಇರ್ತಾಳ."

ಭಾಗ್ಯ ಗಾಡಿಯಿಂದ ಬಗ್ಗಿ ನೋಡಿ, ಬೇವಿನ ಗಿಡದ ಕೆಳಗೆ ಯಾರೋ ಹಾಕಿದ್ದ ಮೂರು ಗಾಲಿಯ ಚಿತ್ರ ತೋರಿಸಿ, "ನನ್ನ ಗಾಡಿ ಭಾಳ ಸಣ್ಣದು ಹಾಕ್ಯಾರ" ಎಂದು ತಕರಾರು ಮಾಡಿದಳು.

ಕೊನೆಗೆ ಉಳಿದವಳು ನೀಲಮ್ಮ. ಗೌಡರ ಮನೆಯ ಸೊಸೆ ಎಲ್ಲಿಗೆ ಹೋಗುತ್ತಾಳೆ, ಗುಡಿಗೆ ಬಿಟ್ಟರೆ ಎಂದು ಎಲ್ಲರೂ ತಿಳಿದಿದ್ದರು. ಅವಳು ಮುಷ್ಟಿ ತುಂಬ ಕಾಳು ಹಿಡಿದು ಗೌಡರ ಮನೆಯ ಹಿತ್ತಲ ಬಾಗಿಲಿಂದ ಹೊರಟಳು. ಗುಡಿಯ ಮುಂದೆ ನಿಲ್ಲಲಿಲ್ಲ. ಬೇವಿನ ಗಿಡದ ಹತ್ತಿರ ಬಂದು, ಕಂಬ ದಾಟಿ, ಆಚೆ ಓಣಿಯ ಹೊಲಿಗೆ ಮಷೀನಿನ ಮನೆಯವರೆಗೆ ಇಟ್ಟು, ಕೈ ಜಾಡಿಸಿಕೊಂಡಳು. ಗೌಡರು ಆಕಾಶದಿಂದ ಕಣ್ಣು ಇಳಿಸಿ ಆ ಸಾಲನ್ನು ನೋಡಿದರು.

ನೀಲಮ್ಮ ಎದ್ದು ತಾನು ಹಾಕಿದ ಸೇತುವೆಯನ್ನು ನೋಡಿದಳು. ಕಮಲ, ನವಿಲು, ಹೂವು, ಕುಂಕುಮ ಎಲ್ಲ ಇದ್ದವು. ಅದರ ಹತ್ತಿರ ಒಂದೇ ಒಂದು ಕಾಳು ಇರಲಿಲ್ಲ.

ಅವಳು ಶಾಲೆಯ ನಲ್ಲಿಗೆ ಹೋದಳು. ಕೊಡ ತುಂಬಿ ತಂದಳು. ಗೋಡೆಗೆ ಆನಿಸಿದ್ದ ಕಸಬರಿಗೆ ತೆಗೆದುಕೊಂಡಳು. ಅರಿಶಿಣ ಇಟ್ಟಿದ್ದ ಮುದುಕಿ, "ಯವ್ವಾ, ಹೊತ್ತು ನೆತ್ತಿಮ್ಯಾಲೆ ಅದ" ಎಂದಳು. ನೀಲಮ್ಮ ಬಗ್ಗಿ ಹೂವನ್ನು ಮಾತ್ರ ಎತ್ತಿ ಕಣ್ಣಿಗೆ ಒತ್ತಿಕೊಂಡು ತಲೆಯಲ್ಲಿ ಮುಡಿದಳು. ಸೇತುವೆಯ ತುದಿಗೆ ಅಂಟಿಕೊಂಡೇ ಗೌಡರು ನಿಂತಿದ್ದರು. ಅವಳು ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತಲೇ ಹೇಳಿದಳು.

"ಕಾಲು ಸರಸ್ರಿ ಮಾವಾರ."

ಆ ಮನೆಗೆ ಬಂದ ಮೇಲೆ ಅವಳು ಮಾವನಿಗೆ ನೇರ ಆಡಿದ ಮೊದಲ ಮಾತು ಅದೇ ಎಂದು ಶಮೀಮ್ ಆಮೇಲೆ ನನಗೆ ಹೇಳಿದಳು. ಗೌಡರು ತಮ್ಮ ಪಾದಗಳನ್ನು ನೋಡಿಕೊಂಡರು. ಸರಿದರು. ನೀರು ಬಿತ್ತು, ಕಸಬರಿಗೆ ಆಡಿತು, ಕಮಲವೂ ನವಿಲೂ ಕೆಸರಾಗಿ ಹರಿದವು. ಅರಿಶಿಣದ ಕಲೆ ಮಾತ್ರ ಹಟ ಹಿಡಿಯಿತು. ನೀಲಮ್ಮ ಅದನ್ನು ಅಲ್ಲೇ ಬಿಟ್ಟು ಭಾಗ್ಯಳ ಗಾಡಿಯ ಹತ್ತಿರ ಹೋದಳು. ಈ ಗಾಲಿಯಿಂದ ಆ ಗಾಲಿಗೆ ಗೇಣು ಹಾಕಿ ಅಗಲ ನೋಡಿದಳು. "ಮೆಟ್ಟಲ ಹಾಕಬಾರದಲ್ಲ? ಇಳಕಲ ಬೇಕಲ್ಲ?" ಎಂದು ಮಲ್ಲಮ್ಮನನ್ನು ಕೇಳಿದಳು. ಮಲ್ಲಮ್ಮ ಗೋಣು ಹಾಕಿದಳು. ನೀಲಮ್ಮ ಪುಡಿಯ ಬಟ್ಟಲು ತೆಗೆದುಕೊಂಡು ಬೇವಿನ ಗಿಡದ ಕಡೆಗೆ ಹೋಗಿ ಕುಳಿತಳು.

ಗೌಡರು ಆ ಹಳದಿ ಕಲೆಯ ಮುಂದೆ ನಿಂತೇ ಇದ್ದರು. ಆಮೇಲೆ ಖಾಲಿ ಕೊಡ ಎತ್ತಿಕೊಂಡು ನಲ್ಲಿಯ ಕಡೆಗೆ ನಡೆದರು. ಗೌಡರು ಕೊಡ ಹಿಡಿದದ್ದನ್ನು ಆ ಊರು ಎಂದೂ ನೋಡಿರಲಿಲ್ಲ. ಅಷ್ಟರಲ್ಲಿ ಜೀಪಿನ ಸದ್ದಾಯಿತು. ಇಂಜಿನಿಯರ್ ಮೊಬೈಲು ಕೈಯಲ್ಲಿ ಹಿಡಿದೇ ಇಳಿದು ಅಂಗಳಕ್ಕೆ ಬಂದರು. ಒದ್ದೆ ನೆಲ ನೋಡಿದರು, ಕಾಳು ನೋಡಿದರು, ನಲ್ಲಿಯ ಕೆಳಗೆ ಕೊಡ ಹಿಡಿದಿದ್ದ ಗೌಡರನ್ನು ನೋಡಿದರು.

"ಸೇತುವಿ ಎಲ್ರಿ ಗೌಡ್ರ?"

ಗೌಡರು ಕೊಡದಿಂದ ತಲೆ ಎತ್ತಲಿಲ್ಲ.

"ತಡೀರಿ ಸಾಹೇಬ್ರ" ಎಂದರು. "ನೀಲಮ್ಮ ಹಾಕಾಕತ್ತಾಳ."